ಲಗ್ಮನ್ ಯಾರಿಗೂ ಕಾಯುವುದಿಲ್ಲ

ಚೀನಾದ ವಾಯವ್ಯ ಮೂಲೆಯ ಮುಸ್ಲಿಂ ಜನಾಂಗವಾದ ಉಯ್ಗುರರ ಹೋಟೆಲಿನಲ್ಲಿ ಎಂಟು ಜನ ಒಂದೇ ಮೇಜಿಗೆ ಕೂತು, ತಲೆಗೊಂದು ಹೇಳಿ, "ಎಲ್ಲಾ ಒಟ್ಟಿಗೇ ತಂದುಬಿಡಿ" ಅಂದರೆ ಆಗುವುದು ಇಷ್ಟು. ಕವಾಪ್, ಅಂದರೆ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಮಾಂಸ, ಮೊದಲು ಬರುತ್ತದೆ. ಫೋಟೊ ತೆಗೆಯುವಷ್ಟರಲ್ಲಿ ಅದರ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಲಗ್ಮನ್, ಅಂದರೆ ಕೈಯಲ್ಲಿ ಎಳೆದ ನೂಡಲ್ಸ್, ಬಂದಾಗ ಅರ್ಧ ಜನ ಇನ್ನೂ ಕವಾಪ್ ಜಗಿಯುತ್ತಿರುತ್ತಾರೆ. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ದೊಡ್ಡ ತಟ್ಟೆಯ ಕೋಳಿ ಬರುವ ಹೊತ್ತಿಗೆ ಯಾರಿಗೂ ಹಸಿವಿಲ್ಲ. ಮಾಂಸ, ಗಜ್ಜರಿ ಹಾಕಿದ ಅನ್ನವಾದ ಪೋಲೋ ಕೇಳಿದವರಿಗೆ "ಮುಗಿದುಹೋಯಿತು" ಎಂಬ ಉತ್ತರ. ಇದರಲ್ಲಿ ಅಡುಗೆಯವರ ತಪ್ಪು ಎಳ್ಳಷ್ಟೂ ಇಲ್ಲ. ಈ ಅಡುಗೆಮನೆಯಲ್ಲಿ ಒಂದೊಂದು ತಿನಿಸಿಗೂ ಅದರದೇ ಗಡಿಯಾರ ಇದೆ. ಗುಂಪಾಗಿ ಹೋದವರು ಆ ಗಡಿಯಾರಗಳನ್ನು ಹೊಂದಿಸಿಕೊಂಡರೆ ಊಟ, ಇಲ್ಲದಿದ್ದರೆ ಬರೀ ಬಿಲ್ಲು.

ಈ ಊಟದ ತವರು ಚೀನಾದ ಆ ಮೂಲೆಯ ಕಾಶ್ಗರ್, ಯಾರ್ಕಂದ್, ಖೋತನ್, ಉರುಮ್ಚಿ, ಇಲಿ ಕಣಿವೆಯ ಗುಲ್ಜಾ. ಆದರೆ ಕನ್ನಡಿಗರ ಗುಂಪಿಗೆ ಇದು ಎದುರಾಗುವುದು ಹೆಚ್ಚಾಗಿ ಬೇರೆಡೆ. ವೀಸಾ ಇಲ್ಲದೆ 14 ದಿನ ಇರಲು ಬಿಡುವ ಕಝಾಕಸ್ತಾನದ ಅಲ್ಮಾಟಿಗೆ ಈಗ ನಮ್ಮ ಕಡೆಯಿಂದಲೂ ಪ್ಯಾಕೇಜ್ ಟೂರುಗಳು ಹೋಗುತ್ತವೆ. ಇಸ್ತಾಂಬುಲಿನ ಝೈತಿನ್‌ಬುರ್ನು ಬಡಾವಣೆಯಲ್ಲಿ ಉಯ್ಗುರ್ ಹೋಟೆಲುಗಳ ಸಾಲೇ ಇದೆ. ಐಟಿ ಕನ್ನಡಿಗರು ತುಂಬಿರುವ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಯೂನಿಯನ್ ಸಿಟಿ ಕಡೆಯೂ ಸಿಗುತ್ತವೆ. ಇವುಗಳಲ್ಲಿ ಅಲ್ಮಾಟಿಯದು ಹಳೆಯ ಕತೆ. 1881ರಲ್ಲಿ ರಷ್ಯಾ ಇಲಿ ಕಣಿವೆಯನ್ನು ಚೀನಾಕ್ಕೆ ಬಿಟ್ಟುಕೊಟ್ಟ ಒಪ್ಪಂದದ ನಂತರ ಒಂದು ದೊಡ್ಡ ಗುಂಪು ಗಡಿ ದಾಟಿ ಈಚೆ ಬಂತು. 1962ರಲ್ಲಿ ಉಯ್ಗುರರೂ ಕಝಾಕರೂ ಸೇರಿ 60,000ಕ್ಕೂ ಹೆಚ್ಚು ಜನ ಅದೇ ದಾರಿ ಹಿಡಿದರು. ಈಗ ಕಝಾಕಸ್ತಾನದಲ್ಲಿ ಮೂರು ಲಕ್ಷದ ಹತ್ತಿರ ಉಯ್ಗುರರಿದ್ದಾರೆ. ಹಾಗಾಗಿ ಅಲ್ಮಾಟಿಯ ಮೇಜಿನ ಮೇಲೆ ಗುಲ್ಜಾ ಕಡೆಯ ರುಚಿ ಹೆಚ್ಚು, ಕಾಶ್ಗರಿನದು ಕಡಿಮೆ.

ಮೆನು ಓದುವಾಗ ಕನ್ನಡದವರಿಗೆ ಮೊದಲು ಧೈರ್ಯ ಬರುತ್ತದೆ, ಆಮೇಲೆ ಮೋಸವಾಗುತ್ತದೆ. ನಾನ್, ಸಮ್ಸಾ, ಪೋಲೋ, ಕವಾಪ್, ಚಾಯ್ ಎಲ್ಲವೂ ಗೊತ್ತಿರುವ ಹೆಸರುಗಳೇ. ಈರುಳ್ಳಿಗೆ ಪಿಯಾಝ್, ಜೀರಿಗೆಗೆ ಝಿರೆ, ಮಾಂಸಕ್ಕೆ ಗೋಶ್, ಒಲೆಗೆ ತೋನುರ್. ಹೆಸರು ನಂಬಿ ರುಚಿ ನಿರೀಕ್ಷಿಸಬಾರದು. ಸಮ್ಸಾ ಎಣ್ಣೆ ಕಾಣದೆ ತೋನುರಿನ ಗೋಡೆಗೆ ಅಂಟಿ ಬೇಯುವ ಮಾಂಸದ ಪೊಟ್ಟಣ. ಪೋಲೋದಲ್ಲಿ ಚಕ್ಕೆ ಲವಂಗದ ಘಾಟು ಇರುವುದಿಲ್ಲ. ಬಿರಿಯಾನಿ ಎಂದುಕೊಂಡು ತುತ್ತು ಎತ್ತಿದವರು "ಇದೇನು ಸಪ್ಪೆ, ಮೇಲಿಂದ ಸಿಹಿ ಬೇರೆ" ಎನ್ನುವುದು ನಿಶ್ಚಿತ. ಲಗ್ಮನ್, ಹಬೆಯಲ್ಲಿ ಬೇಯಿಸುವ ಕಡುಬಾದ ಮಂತಾ, ಲಾಂಗ್‌ಪುಂಗ್, ಲಗ್ಮನ್ ಮೇಲೆ ಸುರಿಯುವ ಸೇ ಇವೆಲ್ಲ ಚೀನೀ ಮೂಲದ ಮಾತುಗಳು. ಒಂದೇ ಮೆನುವಿನ ಎಡಪುಟ ಫಾರಸಿ, ಬಲಪುಟ ಚೀನೀ ಎನ್ನಬಹುದು. ಅಡುಗೆಮನೆಯಲ್ಲೂ ಹಾಗೆಯೇ: ಒಂದು ಕಡೆ ತೋನುರು ಮತ್ತು ಇದ್ದಿಲು, ಇನ್ನೊಂದು ಕಡೆ ಧಗಧಗ ಉರಿಯ ಮೇಲೆ ಬಾಣಲೆ. ಎರಡಕ್ಕೂ ಬೇರೆ ಬೇರೆ ಅಡುಗೆಯವರು, ಬೇರೆ ಬೇರೆ ವೇಗ. ಆರ್ಡರ್ ಕೊಡುವವರು ನೆನಪಿಡಬೇಕಾದದ್ದು ಇದನ್ನೇ.

ಪೋಲೋ ಬೆಳಗಿನ ಅಡುಗೆ. ದೊಡ್ಡ ಕಝಾನ್‌ನಲ್ಲಿ, ಅಂದರೆ ಎರಕದ ಕಡಾಯಿಯಲ್ಲಿ, ಮಧ್ಯಾಹ್ನಕ್ಕೆಂದು ಒಮ್ಮೆ ಇಟ್ಟರೆ ಮುಗಿಯಿತು. ಲೆಕ್ಕ ಸರಳ: ಒಂದು ಕಿಲೋ ಅಕ್ಕಿಗೆ ಸುಮಾರು ಒಂದು ಕಿಲೋ ಗಜ್ಜರಿ, ಮುಕ್ಕಾಲರಿಂದ ಒಂದು ಕಿಲೋ ಮೂಳೆಸಹಿತ ಕುರಿಮಾಂಸ, ಕಾಲು ಲೀಟರಿನಷ್ಟು ಎಣ್ಣೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಮಾಂಸ ಕೆಂಪಗೆ ಹುರಿದು, ಈರುಳ್ಳಿ, ಆಮೇಲೆ ಕಡ್ಡಿಯ ಹಾಗೆ ಹೆಚ್ಚಿದ ಹಳದಿ ಗಜ್ಜರಿ ಹಾಕಿ, ನೀರು ಹೊಯ್ದು ಅರ್ಧ ಮುಕ್ಕಾಲು ಗಂಟೆ ಕುದಿಸುತ್ತಾರೆ. ನೆನೆಸಿದ ಅಕ್ಕಿಯನ್ನು ಮೇಲೆ ಹರಡಿ, ಕೈಯಾಡಿಸದೆ, ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕೈಯಾಡಿಸಿದರೆ ಗಜ್ಜರಿ ಕಲಸಿ ಅನ್ನ ಗಂಜಿಯಾಗುತ್ತದೆ. ಸಿಹಿ ಬರುವುದು ಗಜ್ಜರಿಯಿಂದ, ಕೆಲವೆಡೆ ಒಣದ್ರಾಕ್ಷಿಯಿಂದಲೂ. ಸಂಜೆ ಏಳಕ್ಕೆ ಹೋಗಿ ಪೋಲೋ ಕೇಳಿದರೆ ಒಂದೋ ಮುಗಿದಿರುತ್ತದೆ, ಇಲ್ಲವೇ ತಳದ್ದು ಬಿಸಿಮಾಡಿ ಕೊಡುತ್ತಾರೆ. ಪೋಲೋಗಾಗಿಯೇ ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಮುಂಚಿನ ದಿನವೇ ಫೋನ್ ಮಾಡಿ ಇಷ್ಟು ತಟ್ಟೆ ಎಂದು ಹೇಳಿಡಿ. ಜೊತೆಗೆ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿಯ ಪಚಡಿ ಬೇಕೇ ಬೇಕು. ಅದರ ಹುಳಿ ಖಾರ ಇಲ್ಲದೆ ನಾಲ್ಕನೆಯ ತುತ್ತಿಗೆ ಜಿಡ್ಡು ಗಂಟಲು ಕಟ್ಟುತ್ತದೆ. ಚೀನೀಯರು ಇದಕ್ಕೆ ಇಟ್ಟಿರುವ ಹೆಸರಿನ ಅರ್ಥ "ಕೈಯಲ್ಲಿ ಹಿಡಿದು ತಿನ್ನುವ ಅನ್ನ". ಚಮಚ ಕೊಟ್ಟರೂ ನಾವು ಕೈ ಹಾಕುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಲಡಾಖಿಗೆ ಹೋಗಿಬಂದವರು ಲೇಹ್‌ನಲ್ಲಿ "ಯಾರ್ಕಂದಿ ಪುಲಾವ್" ತಿಂದಿದ್ದರೆ ಇದರ ತಮ್ಮನನ್ನು ಕಂಡಂತೆಯೇ. 5,540 ಮೀಟರ್ ಎತ್ತರದ ಕಾರಾಕೊರಂ ಕಣಿವೆದಾರಿ ದಾಟಿ ಯಾರ್ಕಂದಿನ ವ್ಯಾಪಾರಿಗಳು ಲೇಹ್‌ಗೆ ಬರುತ್ತಿದ್ದರು. 1949ರ ಆಸುಪಾಸಿನಲ್ಲಿ ಆ ದಾರಿ ಮುಚ್ಚಿತು, ಪುಲಾವ್ ಮಾತ್ರ ಉಳಿಯಿತು.

ತೋನುರಿನ ಗಡಿಯಾರ ಬೇರೆ. ನಾನ್ ಆಗಲಿ ಸಮ್ಸಾ ಆಗಲಿ ಒಂದು ಸರದಿ ಒಳಗೆ ಹೋದರೆ ಅದು ಹೊರಬರುವವರೆಗೆ ಇನ್ನೊಂದಕ್ಕೆ ಜಾಗವಿಲ್ಲ. ಸಮ್ಸಾ ಬೇಯಲು ಇಪ್ಪತ್ತು ನಿಮಿಷದ ಹತ್ತಿರ ಬೇಕು. ಕೂತ ಕೂಡಲೇ ಕೇಳಬೇಕಾದ ಪ್ರಶ್ನೆ "ಸಮ್ಸಾ ಇದೆಯಾ" ಅಲ್ಲ, "ಮುಂದಿನ ಸರದಿ ಯಾವಾಗ" ಎಂಬುದು. ಗಾಜಿನ ಪೆಟ್ಟಿಗೆಯಲ್ಲಿ ಕೂತು ಮೆತ್ತಗಾದ ಸಮ್ಸಾ ತಿನ್ನುವುದಕ್ಕಿಂತ ಹದಿನೈದು ನಿಮಿಷ ಚಹಾ ಕುಡಿಯುತ್ತಾ ಕಾಯುವುದು ಮೇಲು. ಒಳ್ಳೆಯ ಸಮ್ಸಾದಲ್ಲಿ ಮಾಂಸ ಕೈಮಾ ಆಗಿರುವುದಿಲ್ಲ, ಕತ್ತಿಯಲ್ಲಿ ಹೆಚ್ಚಿದ ಕಡಲೆಗಾತ್ರದ ತುಂಡುಗಳಿರುತ್ತವೆ. ಅಷ್ಟೇ ಪ್ರಮಾಣದ ಈರುಳ್ಳಿ, ಒಂದಿಷ್ಟು ಬಾಲದ ಕೊಬ್ಬು, ಜೀರಿಗೆ, ಕಾಳುಮೆಣಸು, ಉಪ್ಪು. ಕೊಬ್ಬು ಕರಗಿ ಒಳಗೆ ಸಾರಿನಂತೆ ನಿಂತಿರುತ್ತದೆ. ನಡುವಿಗೆ ಬಾಯಿ ಹಾಕಿದರೆ ಆ ಬಿಸಿ ಸಾರು ಗದ್ದದಿಂದ ಇಳಿದು ಅಂಗಿಯ ತೋಳಿಗೆ ಹೋಗುತ್ತದೆ. ಮೂಲೆ ಕಚ್ಚಿ, ಹಬೆ ಬಿಡಿಸಿ, ಸಾರು ಹೀರಿ, ಆಮೇಲೆ ಉಳಿದದ್ದು.

ಕವಾಪ್ ಬಗ್ಗೆ ಒಂದೇ ಎಚ್ಚರಿಕೆ: ಕಡ್ಡಿಯ ಗಾತ್ರ ಕೇಳದೆ ಸಂಖ್ಯೆ ಹೇಳಬೇಡಿ. ಸಣ್ಣ ಕಡ್ಡಿಯಲ್ಲಿ ನಾಲ್ಕೈದು ತುಣುಕು ಇರುತ್ತವೆ, ಒಬ್ಬರಿಗೆ ಮೂರು ಬೇಕಾಗುತ್ತದೆ. ಅಲ್ಮಾಟಿಯ ಉದ್ದನೆಯ ಕಬ್ಬಿಣದ ಕಡ್ಡಿ ಒಂದು ಕಡ್ಡಿಗೇ ಒಬ್ಬರ ಹೊಟ್ಟೆ ತುಂಬಿಸಬಲ್ಲದು. ಗಾತ್ರ ತಿಳಿಯದೆ "ಇಪ್ಪತ್ತು" ಎಂದು ಹೇಳಿ ಪೇಚಿಗೆ ಸಿಕ್ಕವರು ಕಡಿಮೆಯೇನಿಲ್ಲ. ಮಾಂಸದ ತುಣುಕುಗಳ ನಡುವೆ ಒಂದೆರಡು ಬಿಳಿ ತುಣುಕು ಇರುತ್ತದಲ್ಲ, ಅದು ದುಂಬಾ ಕುರಿಯ ಬಾಲದ ಕೊಬ್ಬು, ಕುಯ್ರುಕ್. ಕೆಂಡದ ಮೇಲೆ ಅದು ಕರಗಿ ಪಕ್ಕದ ತುಣುಕುಗಳನ್ನು ನೆನೆಸುತ್ತಲೇ ಇರುತ್ತದೆ. ಅದನ್ನು ತೆಗೆದಿಟ್ಟು ಬರೀ ಮಾಂಸ ತಿನ್ನುವವರು ಒಮ್ಮೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ ನೋಡಲಿ. ಆದರೆ ಬಿಸಿ ಇರುವಾಗಲೇ. ತಣ್ಣಗಾದ ಕುಯ್ರುಕ್ ಬಾಯಿಯ ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ ಈ ಊಟದ ಜೊತೆ ಐಸ್ ಹಾಕಿದ ಪಾನೀಯ ಹಿಡಿಸುವುದಿಲ್ಲ, ಬಿಸಿ ಚಹಾವೇ ಸರಿ. ಉಯ್ಗುರರಲ್ಲೂ ನಮ್ಮ ಹಾಗೆ ಉಷ್ಣ, ಶೀತ ಪದಾರ್ಥಗಳ ಲೆಕ್ಕ ಇದೆ. ಕುರಿಮಾಂಸ ಉಷ್ಣ; ಅದನ್ನು ಯಾವುದರ ಜೊತೆ ಸರಿದೂಗಿಸಬೇಕು ಎಂಬ ಚರ್ಚೆ ನಮ್ಮ ಅಜ್ಜಿಯರಿಗೂ ಅವರ ಅಜ್ಜಿಯರಿಗೂ ಭಾಷೆಯ ಹಂಗಿಲ್ಲದೆ ನಡೆಯಬಲ್ಲದು. ಕವಾಪ್ ಹೆಚ್ಚು ಬೇಕಿದ್ದರೆ ಎರಡು ಕಂತಿನಲ್ಲಿ ತರಿಸಿ. ಮೊದಲ ಕಂತು ಎಲ್ಲರೂ ಕೈತೊಳೆದು ಕೂತ ಮೇಲೆ.

ಈಗ ಲಗ್ಮನ್. ಈ ಅಡುಗೆಯ ಜೀವ ಇದರಲ್ಲೇ ಇದೆ, ಗುಂಪಿನ ಗೊಂದಲವೂ ಇದರಲ್ಲೇ.

ಹೋಳಿಗೆಗೆ ಕಣಕ ಕಲಸಿದವರಿಗೆ ಲಗ್ಮನ್ ಹಿಟ್ಟಿನ ಗುಟ್ಟು ಅರ್ಧ ಗೊತ್ತಿದ್ದಂತೆಯೇ. ಅರ್ಧ ಕಿಲೋ ಮೈದಾಕ್ಕೆ 250ರಿಂದ 270 ಮಿಲಿ ನೀರು, ಒಂದು ಚಮಚ ಉಪ್ಪು. ಚೀನಾದ ಲಾಂಝೋ ನಗರದ ಕಡೆಯ ಎಳೆದ ನೂಡಲ್ಸ್‌ಗೆ ಕ್ಷಾರದ ಪುಡಿ ಬೆರೆಸುತ್ತಾರೆ. ಉಯ್ಗುರ್ ಹಿಟ್ಟಿಗೆ ಸಾಮಾನ್ಯವಾಗಿ ಉಪ್ಪೊಂದೇ ಆಧಾರ. ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ಮತ್ತೆ ನಾದುತ್ತಾರೆ. ಬೆರಳು ದಪ್ಪದ ಹಗ್ಗ ಹೊಸೆದು, ಮೈತುಂಬ ಎಣ್ಣೆ ಸವರಿ, ತಟ್ಟೆಯಲ್ಲಿ ಚಕ್ಕುಲಿಯ ಹಾಗೆ ಒಳಗಿನಿಂದ ಹೊರಗೆ ಸುತ್ತಿ, ಮುಚ್ಚಿ ಮತ್ತೆ ಒಂದು ಗಂಟೆ ಬಿಡುತ್ತಾರೆ. ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿಡುವುದೂ ಇದೇ ಕಾರಣಕ್ಕೆ: ಹೊತ್ತು ಕೊಟ್ಟರೆ ಹಿಟ್ಟಿನ ಜಿಗುಟು ಬಿಗಿ ಸಡಿಲಿಸುತ್ತದೆ, ಎಣ್ಣೆ ಮೇಲ್ಪದರ ಒಣಗದಂತೆ ಕಾಯುತ್ತದೆ. ಆಮೇಲೆ ಹಗ್ಗವನ್ನು ಪೆನ್ಸಿಲ್ ದಪ್ಪಕ್ಕೆ ಎಳೆದು, ನೂಲಿನ ಲಡಿಯಂತೆ ಎರಡೂ ಕೈಗೆ ಸುತ್ತಿಕೊಂಡು, ಹಲಗೆಗೆ ಬಡಿಯುತ್ತಾ ಅಗಲಿಸುತ್ತಾರೆ. ಊಟದ ಕೋಣೆಗೂ ಕೇಳುವ ಆ ಫಟ್ ಫಟ್ ಸದ್ದು ಅದೇ. ಬಡಿದಾಗ ಲಡಿಯ ನಡುಭಾಗ ಹಲಗೆಗೆ ತಾಗಿ ಜಿಗಿಯುತ್ತದೆ, ಆ ಜಿಗಿತದಲ್ಲೇ ಎಳೆಗಳು ಸಮನಾಗಿ ಹಿಗ್ಗುತ್ತವೆ. ಬರೀ ಕೈಬಲದಿಂದ ಎಳೆದರೆ ಬೆರಳಿನ ಹತ್ತಿರ ತೆಳ್ಳಗಾಗಿ ಹರಿಯುತ್ತದೆ.

ಕೆಡುವುದು ಎಲ್ಲೆಲ್ಲಿ ಎಂದರೆ: ಉಪ್ಪು ಕಡಿಮೆಯಾದರೆ ಎಳೆ ತುಂಡಾಗುತ್ತದೆ, ಜಾಸ್ತಿಯಾದರೆ ರಬ್ಬರಿನಂತೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಬಿಟ್ಟ ಹೊತ್ತು ಸಾಲದಿದ್ದರೂ ಇದೇ ಗತಿ. ಬೇಸಿಗೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸೋತು ಜೋಲುತ್ತದೆ, ಬಾಯಿಗೆ ಕಸುವೇ ಸಿಗುವುದಿಲ್ಲ. ಮಣೆಯ ಮೇಲೆ ಶಾವಿಗೆ ಹೊಸೆದ ಉತ್ತರ ಕರ್ನಾಟಕದ ಹೆಂಗಸರು ಈ ಅಡುಗೆಮನೆಯ ಮುಂದೆ ನಿಂತರೆ ಎರಡು ನಿಮಿಷದಲ್ಲಿ ಹಿಟ್ಟಿನ ಹದ ಹೇಳಿಬಿಟ್ಟಾರು. ವ್ಯತ್ಯಾಸ ಒಂದೇ, ಶಾವಿಗೆ ಒಣಗಿ ವರ್ಷ ಕಾಯುತ್ತದೆ, ಲಗ್ಮನ್ ಹತ್ತು ನಿಮಿಷವೂ ಕಾಯುವುದಿಲ್ಲ.

ಬೇಯುವುದು ಎರಡು ಮೂರು ನಿಮಿಷ. ತಣ್ಣೀರಲ್ಲಿ ತೊಳೆದು, ಬಡಿಸುವ ಮುನ್ನ ಬಿಸಿನೀರಿಗೆ ಒಮ್ಮೆ ಅದ್ದಿ ತೆಗೆಯುತ್ತಾರೆ. ಮೇಲೆ ಸೇ: ಕುರಿ ಅಥವಾ ದನದ ಮಾಂಸದ ಎಸಳು, ಈರುಳ್ಳಿ, ದೊಣ್ಣೆಮೆಣಸು, ಟೊಮೆಟೊ, ಬೆಳ್ಳುಳ್ಳಿ, ಕೆಲವೊಮ್ಮೆ ಉದ್ದನೆಯ ಅವರೆಕೋಡು, ಎಲೆಕೋಸು, ಸೆಲರಿ, ಎಲ್ಲ ಜೋರು ಉರಿಯಲ್ಲಿ ನಾಲ್ಕೈದು ನಿಮಿಷದಲ್ಲಿ ಹುರಿದದ್ದು. ಗುಂಪಿನ ಲೆಕ್ಕಾಚಾರ ತಪ್ಪುವುದು ಇಲ್ಲಿ. ಒಂದು ಬಾಣಲೆಯಲ್ಲಿ ಒಮ್ಮೆಗೆ ಎರಡು ಮೂರು ತಟ್ಟೆಯ ಸೇ ಆಗುತ್ತದೆ. ಎಂಟು ಜನ ಎಂಟು ಥರದ ಸೇ ಕೇಳಿದರೆ ಎಂಟು ಸಲ ಬಾಣಲೆ ತೊಳೆದು ಏರಿಸಬೇಕು. ಮೊದಲನೆಯವರು ತಿಂದು ಕೈತೊಳೆದ ಮೇಲೆ ಕೊನೆಯವರದು ಬರುತ್ತದೆ. ಮೇಜಿಗೆಲ್ಲ ಸೇರಿ ಎರಡೇ ಥರ ಆರಿಸಿಕೊಳ್ಳಿ, ಒಂದು ಮಾಂಸದ್ದು, ಒಂದು ಇಲ್ಲದ್ದು. ಎಲ್ಲರಿಗೂ ಸರಿಸುಮಾರು ಒಂದೇ ಹೊತ್ತಿಗೆ ಬರುತ್ತದೆ.

ಎರಡನೆಯ ತೊಡಕು ಹಂಚಿಕೊಳ್ಳುವುದು. ಕೈಯಲ್ಲಿ ಎಳೆದ ಲಗ್ಮನ್‌ನ ಒಂದು ತಟ್ಟೆಯಷ್ಟೂ ಒಂದೇ ಎಳೆ ಇರಬಹುದು. "ನನಗೊಂದು ಸ್ವಲ್ಪ" ಎಂದು ಚಮಚ ಹಾಕಿದರೆ ಇಡೀ ತಟ್ಟೆಯೇ ಎದ್ದು ಬರುತ್ತದೆ, ನಡುವೆ ಮೇಜುಬಟ್ಟೆಯ ಮೇಲೆ ಕೆಂಪು ದಾರಿ. ಲಗ್ಮನ್ ಒಬ್ಬರಿಗೊಂದು ತಟ್ಟೆಯ ಊಟ, ಹಾಗೇ ಬಿಡಿ. ರುಚಿ ನೋಡಲೇಬೇಕೆಂದರೆ ದಿಂಗ್‌ದಿಂಗ್ ತರಿಸಿ. ಅದರಲ್ಲಿ ಎಳೆಯನ್ನು ಬೆರಳ ತುದಿಯಷ್ಟು ಚೂರುಗಳಾಗಿ ಕತ್ತರಿಸಿ ಸೇ ಜೊತೆಗೆ ಹುರಿದಿರುತ್ತಾರೆ, ಚಮಚದಲ್ಲಿ ಎತ್ತಿ ಎಂಟು ಜನಕ್ಕೆ ಹಾಕಬಹುದು. ಅಲ್ಮಾಟಿ ಕಡೆ "ಬೋಸೋ" ಎಂದರೆ ಹುರಿದ ಲಗ್ಮನ್. ಅದೂ ಅಷ್ಟು ಬೇಗ ಮುದ್ದೆಯಾಗುವುದಿಲ್ಲ, ಮಾತಿನ ಮಲ್ಲರಿಗೆ ಅದೇ ಸರಿ. ಇನ್ನೊಂದು ಒಳಮಾತು: ತವರಿನ ಲಗ್ಮನ್ ಅಂಗಡಿಗಳಲ್ಲಿ ಸೇ ಉಳಿದಿದ್ದರೆ ಇನ್ನೊಂದು ಹಿಡಿ ಎಳೆಯನ್ನು ಹಾಗೇ ಹಾಕಿಸಿಕೊಳ್ಳುವ ರೂಢಿ ಇದೆ, ದುಡ್ಡಿಲ್ಲ. ಹೊರದೇಶದಲ್ಲಿ ಎಲ್ಲ ಕಡೆ ಹಾಗಿಲ್ಲ, ಕೇಳಿದರೆ ತಪ್ಪೂ ಇಲ್ಲ. ಹಸಿವಿರುವವರು ಸೇ ಅನ್ನು ಮೊದಲೇ ಬಳಿದು ಮುಗಿಸದಿದ್ದರೆ ಆಯಿತು.

ದೊಡ್ಡ ತಟ್ಟೆಯ ಕೋಳಿ, ಮೆನುವಿನಲ್ಲಿ ದಾಪಾಂಜಿ, ನಿಜಕ್ಕೂ ಉಯ್ಗುರ್ ಹಳೆಯಡುಗೆಯಲ್ಲ. ಶಾವಾನ್ ಎಂಬ ಊರಿನ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ 1980ರ ದಶಕದ ನಂತರ ಹೆಸರಾದ ಲಾರಿ ಡ್ರೈವರುಗಳ ಊಟ ಅದು. ಹಾಗಿದ್ದೂ ಗುಂಪಿಗೆ ಇದಕ್ಕಿಂತ ಹೊಂದುವ ತಿನಿಸು ಬೇರೆ ಇಲ್ಲ. ಮೂಳೆಸಹಿತ ಕೊಚ್ಚಿದ ಇಡೀ ಕೋಳಿ, ಆಲೂಗಡ್ಡೆ, ದೊಣ್ಣೆಮೆಣಸು, ಒಣಮೆಣಸಿನಕಾಯಿ, ಚಕ್ರಮೊಗ್ಗು, ಜೊತೆಗೆ ನಮ್ಮ ಜುಮ್ಮನಕಾಯಿಯ ಬಂಧುವಾದ ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಕಾಳು. ದೊಡ್ಡದು ಐದಾರು ಜನಕ್ಕೆ ಸಾಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದನ್ನೇ. ಇದರ ಎರಡನೆಯ ಅಂಕ ಪಟ್ಟಿ ನೂಡಲ್ಸ್: ಎರಡು ಬೆರಳಗಲದ ಉದ್ದನೆಯ ಪಟ್ಟಿಗಳನ್ನು ಬೇಯಿಸಿ ತಂದು ಉಳಿದ ರಸಕ್ಕೆ ಸುರಿಯುತ್ತಾರೆ. ಯಾವಾಗ ಕರೆಯಬೇಕು ಎಂಬುದೇ ಜಾಣತನ. ಕೋಳಿ ಅರ್ಧ ಖಾಲಿಯಾಗಿ, ರಸ ಇನ್ನೂ ತೆಳ್ಳಗೆ ಹರಿಯುವಾಗ ಹೇಳಬೇಕು. ತಡಮಾಡಿದರೆ ಆಲೂಗಡ್ಡೆ ಕರಗಿ ರಸ ಗೊಜ್ಜಾಗುತ್ತದೆ, ಪಟ್ಟಿಗಳ ಮೇಲೆ ಹತ್ತುವುದಿಲ್ಲ. ಮೊದಲೇ ಹಾಕಿಸಿಕೊಂಡರೆ ಪಟ್ಟಿಗಳು ರಸವನ್ನೆಲ್ಲ ಹೀರಿ ಊದಿಕೊಳ್ಳುತ್ತವೆ, ಕೋಳಿ ಒಣಗುತ್ತದೆ. ಕೋಳಿಯನ್ನು ಕೀಲಿಗೆ ಸರಿಯಾಗಿ ಕಡಿಯದೆ ಅಡ್ಡಾದಿಡ್ಡಿ ಕೊಚ್ಚಿರುತ್ತಾರೆ, ಮೂಳೆಯ ಸಿಬಿರು ಇರುತ್ತದೆ. ಮಕ್ಕಳಿಗೆ ಬಿಡಿಸಿ ಕೊಡಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಗುಂಪುಗಳ ಮುಖ್ಯ ಪ್ರಶ್ನೆ: ಸಸ್ಯಾಹಾರಿಗಳು ಏನು ಮಾಡಬೇಕು? ಬಹಳ ಜನ ಅವರನ್ನು ಎರಡು ನಾನ್, ಒಂದು ಸಲಾಡ್ ಕೊಟ್ಟು ಕೂರಿಸುತ್ತಾರೆ. ಅಷ್ಟು ಬಡತನದ ಅಡುಗೆ ಇದಲ್ಲ, ಆದರೆ ಎಲ್ಲಿ ಏನು ಅಡಗಿದೆ ಎಂದು ತಿಳಿದಿರಬೇಕು. ಪೋಲೋದಿಂದ ಮಾಂಸದ ತುಂಡು ಎತ್ತಿಟ್ಟರೆ ಅದು ಸಸ್ಯಾಹಾರ ಆಗುವುದಿಲ್ಲ. ಅಕ್ಕಿ ಬೆಂದದ್ದೇ ಮಾಂಸದ ನೀರಿನಲ್ಲಿ. ಕುಂಬಳಕಾಯಿ ಮಂತಾ ಎಂದು ಬರೆದಿದ್ದರೂ ಒಳಗೆ ಬಾಲದ ಕೊಬ್ಬಿನ ಚೂರು ಇರುವುದು ಸಾಮಾನ್ಯ. ಸೂಪುಗಳೆಲ್ಲ ಮೂಳೆಯ ಸಾರಿನವು. ಲಗ್ಮನ್ ಸೇ ಮಾತ್ರ ಹೊಸದಾಗಿ ಬಾಣಲೆಗೆ ಬೀಳುವುದರಿಂದ ಮಾಂಸ ಬಿಟ್ಟು ಮಾಡಿಸಬಹುದು. ಹಾಗೆ ಮಾಡಿದಾಗಲೂ ರಸಕ್ಕೆಂದು ಒಂದು ಸೌಟು ಮಾಂಸದ ಸಾರು ಹಾಕುವ ಕೈರೂಢಿ ಇರುತ್ತದೆ, ಅದನ್ನೂ ಬೇಡ ಎನ್ನಬೇಕು. ಹಿಟ್ಟಿಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ, ನಾನ್ ಮೇಲೆ ಹೊಳಪಿಗೆ ಸವರುವುದೂ ಉಂಟು. ಮೊಟ್ಟೆ ತಿನ್ನದವರು ಕೇಳಿಕೊಳ್ಳಬೇಕು.

ಉಯ್ಗುರ್ ಭಾಷೆಯಲ್ಲಿ ಮಾಂಸವಿಲ್ಲದ್ದು "ಗೋಶ್‌ಸಿಝ್". "ನಾನು ಮಾಂಸ ತಿನ್ನುವುದಿಲ್ಲ" ಎನ್ನಲು "ಮೆನ್ ಗೋಶ್ ಯೇಮೆಯ್‌ಮೆನ್". ಮೊಟ್ಟೆ "ತುಖುಮ್". ಅಲ್ಮಾಟಿಯಲ್ಲಿ ರಷ್ಯನ್ ಹೆಚ್ಚು ಓಡುತ್ತದೆ: "ಬೆಜ್ ಮ್ಯಾಸಾ" ಎಂದರೆ ಮಾಂಸವಿಲ್ಲದೆ, "ಬೆಜ್ ಬುಲ್ಯೋನಾ" ಎಂದರೆ ಸಾರಿಲ್ಲದೆ. ಬರೀ "ವೆಜಿಟೇರಿಯನ್" ಎಂದರೆ ಕೋಳಿ ತಂದಿಟ್ಟರೂ ಆಶ್ಚರ್ಯಪಡಬೇಡಿ; ಈ ಕಡೆ ಗೋಶ್ ಎಂದರೆ ಮನಸ್ಸಿಗೆ ಮೊದಲು ಬರುವುದು ಕುರಿ. ಕೋಳಿ ಬೇಡ ಎಂದು ಬೇರೆಯಾಗಿ ಹೇಳಿ.

ಧೈರ್ಯವಾಗಿ ತರಿಸಬಹುದಾದ್ದು ಲಾಂಗ್‌ಪುಂಗ್. ಹೆಸರುಕಾಳಿನ ಪಿಷ್ಟವನ್ನು ಕಾಯಿಸಿ, ಹಾಲುಬಾಯಿಯ ಹಾಗೆ ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಪಟ್ಟಿ ಕೊಯ್ದು, ವಿನೆಗರ್, ಬೆಳ್ಳುಳ್ಳಿ, ಲಾಝಾ ಎಂಬ ಮೆಣಸಿನೆಣ್ಣೆ ಹಾಕಿ ಕಲಸಿದ್ದು. ತಂಪು, ಹುಳಿ, ಖಾರ. ಮಾಂಸ ತಿನ್ನುವವರೂ ಇದಕ್ಕೇ ಮುಗಿಬೀಳುತ್ತಾರೆ, ಆದ್ದರಿಂದ ಎರಡು ತಟ್ಟೆ ಹೇಳಿ. ಎಳೆಎಳೆಯಾಗಿ ಹೆಚ್ಚಿ ಗರಿಗರಿ ಉಳಿಯುವಂತೆ ಹುರಿದ ಆಲೂಗಡ್ಡೆ ಪಲ್ಯ, ಕಪ್ಪು ಅಣಬೆಯ ಸಲಾಡ್, ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆಯ ಸೇ, ಮೊಸರು, ನಾನ್. ಹೊಟ್ಟೆ ತುಂಬುತ್ತದೆ. ಆದರೆ ಬಾಣಲೆ ಒಂದೇ, ಸೌಟು ಒಂದೇ, ಎಣ್ಣೆಯೂ ಅದೇ. ಅದು ಆಗದವರು ಲಾಂಗ್‌ಪುಂಗ್, ಮೊಸರು, ನಾನ್‌ಗೆ ನಿಲ್ಲುವುದು ಒಳ್ಳೆಯದು. ಅವರನ್ನು ಒತ್ತಾಯಿಸಿ ಕರೆತರದಿರುವುದು ಇನ್ನೂ ಒಳ್ಳೆಯದು.

ಎಂಟು ಜನ, ಅದರಲ್ಲಿ ಮೂವರು ಮಾಂಸ ತಿನ್ನದವರು ಎಂದಿಟ್ಟುಕೊಂಡರೆ ಹೀಗೆ ನಡೆಸಬಹುದು. ಕೂತ ಕೂಡಲೇ ಒಬ್ಬರೇ ಮಾತಾಡಲಿ, ಉಳಿದವರು ಸುಮ್ಮನಿರಲಿ. ಮೊದಲ ಉಸಿರಿಗೆ ದಾಪಾಂಜಿ ಒಂದು, ಸಮ್ಸಾ ಐದು, ಚಹಾ ಎರಡು ಕೆಟಲ್, ನಾನ್ ಮೂರು, ಲಾಂಗ್‌ಪುಂಗ್ ಎರಡು, ಪಚಡಿ ಒಂದು. ತಣ್ಣನೆಯವು ಐದು ನಿಮಿಷದಲ್ಲಿ ಬರುತ್ತವೆ, ಬಾಯಾಡಿಸುತ್ತಿರಬಹುದು. ಸಮ್ಸಾ ಬಂದಾಗ ಸಣ್ಣ ಕಡ್ಡಿಯ ಕವಾಪ್ ಹತ್ತು ಹೇಳಿ. ಕವಾಪ್ ಮುಗಿಯುತ್ತಾ ಬಂದಾಗ ಸಸ್ಯಾಹಾರಿಗಳ ಮೂರು ಲಗ್ಮನ್, ಉಳಿದವರ ನಡುವೆ ಒಂದು ದಿಂಗ್‌ದಿಂಗ್. ಅಷ್ಟರಲ್ಲಿ ಕೋಳಿ ಬಂದಿರುತ್ತದೆ. ಅರ್ಧ ಖಾಲಿಯಾದಾಗ ಪಟ್ಟಿ ನೂಡಲ್ಸ್. ಇದಕ್ಕಿಂತ ಹೆಚ್ಚು ಹೇಳುವ ಆಸೆ ಬಂದೇ ಬರುತ್ತದೆ. ತಡೆದುಕೊಳ್ಳಿ, ಹಿಟ್ಟು, ಕೊಬ್ಬು, ಆಲೂಗಡ್ಡೆ ಮೂರೂ ಹೊಟ್ಟೆಯಲ್ಲಿ ಹತ್ತು ನಿಮಿಷ ತಡವಾಗಿ ಮಾತಾಡುತ್ತವೆ.

ಕೂರುವುದಕ್ಕೂ ಕ್ರಮ ಇದೆ. ಬಾಗಿಲಿಗೆ ದೂರದ, ಒಳಗಿನ ಜಾಗಕ್ಕೆ "ತೋರ್" ಎನ್ನುತ್ತಾರೆ, ಅದು ಹಿರಿಯರದು. ಬಾಗಿಲ ಕಡೆ ಕಿರಿಯರು, ಚಹಾ ಬಗ್ಗಿಸುವುದೂ ಅವರದೇ ಕೆಲಸ. ಮನೆಗಳಲ್ಲೂ ಹಳೇಕ್ರಮದ ಹೋಟೆಲುಗಳಲ್ಲೂ ಹೂಜಿಯಿಂದ ಕೈಗೆ ನೀರು ಹಾಕುತ್ತಾರೆ. ತೊಳೆದ ಕೈಯನ್ನು ಝಾಡಿಸಬಾರದು, ಹನಿ ಸಿಡಿಸುವುದು ಅಸಭ್ಯ. ಕೊಟ್ಟ ವಸ್ತ್ರದಲ್ಲಿ ಒರೆಸಿಕೊಳ್ಳಬೇಕು. ನಾನ್ ಬಗ್ಗೆ ಇವರ ಭಾವ ನಮ್ಮಲ್ಲಿ ಅನ್ನದ ಬಗ್ಗೆ ಇರುವಂಥದ್ದೇ. ಮಗುಚಿ ಇಡಬಾರದು, ಎಸೆಯಬಾರದು, ಚಾಕುವಿಗಿಂತ ಕೈಯಲ್ಲಿ ಮುರಿದು ಎಲ್ಲರ ಮುಂದೆ ಹರಡುವುದು ರೂಢಿ. ನಡುವಿನ ತಗ್ಗಿನಲ್ಲಿ ಚುಕ್ಕಿ ಚುಕ್ಕಿ ವಿನ್ಯಾಸ ಕಾಣುತ್ತದಲ್ಲ, ಅದನ್ನು ಮೊಳೆಗಳ ಅಚ್ಚಿನಿಂದ ಒತ್ತಿರುತ್ತಾರೆ. ಚುಚ್ಚದಿದ್ದರೆ ನಡುಭಾಗ ಪೂರಿಯಂತೆ ಉಬ್ಬಿ ತೋನುರಿನ ಗೋಡೆ ಬಿಟ್ಟು ಕೆಂಡಕ್ಕೆ ಬೀಳುತ್ತದೆ. ಚಹಾಕ್ಕೆ ಸಕ್ಕರೆ ನಿರೀಕ್ಷಿಸಬೇಡಿ. ಹಾಲಿನ ಚಹಾ, ಎತ್ಕೆನ್‌ಚಾಯ್, ಉಪ್ಪಿನದು. ಒಂದು ಗುಟುಕು ಎಲ್ಲರೂ ನೋಡಿ, ಹಿಡಿಸಿದವರು ಮುಂದುವರಿಸಿ.

ಕಝಾಕಸ್ತಾನದ ಉಯ್ಗುರ್ ಹೆಂಗಸರು ಸರದಿಯ ಮೇಲೆ ಸೇರುವ ಕೂಟಕ್ಕೂ "ಚಾಯ್" ಎಂದೇ ಹೆಸರು. ತಿಂಡಿ, ಹರಟೆ, ಜೊತೆಗೆ ಪ್ರತಿಯೊಬ್ಬರೂ ಹಾಕಿದ ಹಣ ಆ ಸಲದ ಒಬ್ಬರ ಕೈಗೆ. ನಮ್ಮ ಚೀಟಿ. ಮಧ್ಯಾಹ್ನ ಹೋಟೆಲಿನ ಒಳಕೋಣೆಯಲ್ಲಿ ಹತ್ತು ಹದಿನೈದು ಹೆಂಗಸರ ಗುಂಪು ಕಂಡರೆ ಹೆಚ್ಚಾಗಿ ಅದೇ. ಆ ಹೊತ್ತಿಗೆ ನೀವೂ ದೊಡ್ಡ ಗುಂಪಾಗಿ ಹೋದರೆ ಅಡುಗೆಮನೆ ಇಬ್ಬರಿಗೂ ಸಾಲದು.

ಮಾತಿನಲ್ಲೂ ಒಂದು ಎಚ್ಚರ ಬೇಕು. ಬಡಿಸುವವರನ್ನು "ನೀವು ಚೈನೀಸಾ" ಎಂದು ಕೇಳುವುದು, "ಊರಿಗೆ ಯಾವಾಗ ಹೋಗುತ್ತೀರಿ" ಎಂದು ವಿಚಾರಿಸುವುದು ನಮಗೆ ಸಹಜ ಕುಶಲೋಪರಿ. 2017ರಿಂದೀಚೆಗೆ ಅವರ ತವರಿನಲ್ಲಿ ಲಕ್ಷಾಂತರ ಜನರನ್ನು ಬಂಧನ ಶಿಬಿರಗಳಿಗೆ ಹಾಕಿದ ಮೇಲೆ, ಹೊರಗಿರುವ ಎಷ್ಟೋ ಉಯ್ಗುರರಿಗೆ ಮನೆಯವರ ಫೋನ್ ದನಿಯೂ ಸಿಗದಂತಾಗಿದೆ. ಅಲ್ಲಿ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್ 31ರ ವರದಿಯಲ್ಲಿ ಹೇಳಿದೆ. ಆ ಪ್ರಾಂತ್ಯದ ಹೆಸರೂ ಸೂಕ್ಷ್ಮ. 1884ರಲ್ಲಿ ಇಟ್ಟ "ಶಿಂಜಿಯಾಂಗ್" ಎಂಬುದಕ್ಕೆ ಹೊಸ ಗಡಿನಾಡು ಎಂದು ಅರ್ಥ, ದೇಶ ಬಿಟ್ಟವರಲ್ಲಿ ಹಲವರು ಆ ಹೆಸರು ಹೇಳುವುದೇ ಇಲ್ಲ. ಅವರಾಗಿ ಹೇಳಿದರೆ ಕೇಳಿ. ಇಲ್ಲದಿದ್ದರೆ ಹಿಟ್ಟಿನ ಬಗ್ಗೆ ಕೇಳಿ, ಎಳೆಯುವುದನ್ನು ನೋಡಬಹುದೇ ಎಂದು ಕೇಳಿ. ಆ ಪ್ರಶ್ನೆಗೆ ಅಡುಗೆಮನೆಯ ಬಾಗಿಲು ತೆರೆಯುವುದೇ ಹೆಚ್ಚು. ಮುಗಿಸುವಾಗ "ರೆಹ್ಮೆತ್" ಎಂದರೆ ಸಾಕು, ಧನ್ಯವಾದ.

ಪಕ್ಕದ ಮೇಜಿನ ಹಿರಿಯರು ಅಂಗೈ ಎತ್ತಿ, ಮುಖ ಸವರಿಕೊಂಡು "ಆಮೀನ್" ಎಂದರೆ ಅವರ ಊಟ ಮುಗಿಯಿತು ಎಂದರ್ಥ. ದುಆ, ಅಂದರೆ ಆ ಪ್ರಾರ್ಥನೆ, ಆದ ಮೇಲೆ ಯಾರೂ ಮತ್ತೆ ತುತ್ತು ಎತ್ತುವುದಿಲ್ಲ. ಉಯ್ಗುರರು ಕರೆದ ಊಟವಾದರೆ ನೀವೂ ಆಗ ಚಮಚ ಕೆಳಗಿಡಬೇಕು, ಕೋಳಿ ಎಷ್ಟೇ ಉಳಿದಿರಲಿ.

ಬಿಲ್ಲಿಗೆ ಅವರ ಮಾತು "ಹಿಸಾಬ್", ನಮ್ಮ ಹಳೆಯ ಕಡತಗಳ ಹಿಸಾಬು. ಎಂಟರಿಂದ ಭಾಗಿಸುವ ಮುನ್ನ ಎರಡು ರಾಶಿ ಮಾಡಿ: ನಾನ್, ಚಹಾ, ಸಲಾಡ್ ಎಲ್ಲರದು, ಕವಾಪ್, ಸಮ್ಸಾ, ಕೋಳಿ ತಿಂದವರದು. ದುಬಾರಿ ಬರುವುದು ಮಾಂಸವೇ, ಮೂರು ತಟ್ಟೆ ಲಗ್ಮನ್ ತಿಂದವರು ಐವರ ಕವಾಪಿಗೆ ದುಡ್ಡು ಕೊಟ್ಟರೆ ಮುಂದಿನ ಸಲ ಬರುವುದಿಲ್ಲ. ಸೇವಾ ಶುಲ್ಕ ಮೊದಲೇ ಸೇರಿದೆಯೇ ನೋಡಿಕೊಂಡು ಆಮೇಲೆ ಟಿಪ್ಸ್ ಯೋಚಿಸಿ.

ಉಳಿದದ್ದನ್ನು ಕಟ್ಟಿಸಿಕೊಳ್ಳುವಾಗ ಲಾಂಗ್‌ಪುಂಗ್ ಬಿಟ್ಟುಬಿಡಿ, ಬೆಳಗಿನ ಹೊತ್ತಿಗೆ ನೀರು ಬಿಟ್ಟು ಕದಡಿರುತ್ತದೆ. ಲಗ್ಮನ್ ಎಳೆಯನ್ನೂ ಸೇ ಅನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿಸಿ, ಮರುದಿನ ಕಾದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಎರಡನ್ನೂ ಹುರಿದರೆ ಬೋಸೋ ಆಯಿತು. ಸಮ್ಸಾ ಒಣ ಕಾವಲಿಯ ಮೇಲೆ, ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ. ಮೈಕ್ರೋವೇವ್‌ಗೆ ಇಟ್ಟರೆ ಮೇಲ್ಪದರ ಚರ್ಮವಾಗುತ್ತದೆ. ಪೋಲೋಗೆ ನೀರು ಚಿಮುಕಿಸಿ ಹಬೆಯಲ್ಲಿ ಬಿಸಿಮಾಡಿ. ನಾನ್‌ಗೆ ಏನೂ ಮಾಡಬೇಕಾಗಿಲ್ಲ, ಬಟ್ಟೆಯಲ್ಲಿ ಸುತ್ತಿಡಿ. ಮೂರನೆಯ ದಿನ ಕಲ್ಲಿನಂತಾಗಿದ್ದರೂ ಮುರಿದು ಬಿಸಿ ಚಹಾಕ್ಕೆ ಅದ್ದಿದರೆ ಸಾಕು, ಅದರ ಒಳಗಿನ ಉಪ್ಪು ಮತ್ತು ತೋನುರಿನ ಹೊಗೆ ಎರಡೂ ಎದ್ದು ಬರುತ್ತವೆ.